ರಕ್ತಪರೀಕ್ಷೆಯಿಲ್ಲದ ಕಾಯಿಲೆಗೆ ಔಷಧದ ಪರೀಕ್ಷೆ

ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆಯೊಂದು ಬಂದರೆ ಅದು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದನ್ನು ರಕ್ತ ಹೇಳುತ್ತದೆ. ಬಿ.ಪಿ. ಮಾತ್ರೆಯಾದರೆ ತೋಳಿಗೆ ಕಟ್ಟುವ ಪಟ್ಟಿ ಹೇಳುತ್ತದೆ. ಖಿನ್ನತೆಗೋ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೇನಿಯಾಕ್ಕೋ ತಯಾರಾದ ಹೊಸ ಔಷಧದ ವಿಷಯದಲ್ಲಿ ಅಂಥ ಸಾಕ್ಷಿ ಯಾವುದೂ ಇಲ್ಲ. ಅಲ್ಲಿರುವುದು ಒಂದು ಕೋಣೆ, ಎರಡು ಕುರ್ಚಿ, ಪ್ರಶ್ನೆ ಕೇಳುವ ಒಬ್ಬ ವೈದ್ಯ ಅಥವಾ ಮನಶ್ಶಾಸ್ತ್ರಜ್ಞೆ, ಉತ್ತರ ಹೇಳುವ ಒಬ್ಬ ರೋಗಿ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ದುಡಿದು ತಯಾರಿಸಿದ ಔಷಧ ಮಾರುಕಟ್ಟೆಗೆ ಬರಬೇಕೋ ಬೇಡವೋ ಎಂಬ ತೀರ್ಮಾನ ಕೊನೆಗೆ ಈ ಮಾತುಕತೆಯಲ್ಲಿ ಬಿದ್ದ ಅಂಕಗಳ ಮೇಲೆ ನಿಲ್ಲುತ್ತದೆ. ಮನೋರೋಗದ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುವ ಕಟ್ಟುಪಾಡುಗಳೆಲ್ಲ, ಅಂದರೆ ಖಾಲಿ ಮಾತ್ರೆ, ಗುಟ್ಟು, ಚೀಟಿ ಎತ್ತುವುದು, ಮೊದಲೇ ನೋಂದಾಯಿಸುವುದು, ಈ ಮಾತಿನ ಅಳತೆ ಕೈಕೊಡದಂತೆ ಕಾಯುವ ಉಪಾಯಗಳೇ ಆಗಿವೆ.

ಆ ಅಳತೆ ನಡೆಯುವುದು ಹೇಗೆಂದು ಹತ್ತಿರದಿಂದ ನೋಡೋಣ. ಖಿನ್ನತೆಯ ಪ್ರಯೋಗಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲುಗಳಲ್ಲಿ ಒಂದನ್ನು ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ಮನೋವೈದ್ಯರು 1960ರಲ್ಲಿ ಪ್ರಕಟಿಸಿದರು. ಅದರಲ್ಲಿ 17 ಅಂಶಗಳಿವೆ. ಕೆಲವಕ್ಕೆ 0ಯಿಂದ 4, ಕೆಲವಕ್ಕೆ 0ಯಿಂದ 2 ಅಂಕ. ಎಲ್ಲವನ್ನೂ ಕೂಡಿದರೆ ಹೆಚ್ಚೆಂದರೆ 52. ಪ್ರಯೋಗದ ಆರಂಭದಲ್ಲಿದ್ದ ಅಂಕ ಅರ್ಧಕ್ಕೆ ಇಳಿದರೆ ರೋಗಿ ಔಷಧಕ್ಕೆ ಸ್ಪಂದಿಸಿದರೆಂದೂ, 7 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕಾಯಿಲೆ ಶಮನವಾಯಿತೆಂದೂ ಲೆಕ್ಕ ಹಿಡಿಯುವುದು ರೂಢಿ. ಇನ್ನು ಪ್ರಶ್ನೆ ಕೇಳುವ ಕೋಣೆಗೆ ಬಂದರೆ, “ಹೋದ ವಾರವೆಲ್ಲ ಮನಸ್ಸು ಹೇಗಿತ್ತಮ್ಮ?” ಎಂಬ ಪ್ರಶ್ನೆಗೆ ಮಂಡ್ಯದ ಕಡೆಯ ಹೆಂಗಸೊಬ್ಬರು ಕೊಡಬಹುದಾದ ಉತ್ತರ ಹೀಗಿರುತ್ತದೆ: “ಏನೋ ಮೇಡಂ, ಒಂಥರಾ ಬೇಜಾರು. ಮೈಯೆಲ್ಲ ಭಾರ. ಎದೆ ಡವಡವ ಅಂತದೆ. ಯಾವ ಕೆಲಸಕ್ಕೂ ಕೈಯೇ ಹೋಗಲ್ಲ.” ನಾಲ್ಕೇ ವಾಕ್ಯ. ಕೇಳುವವರು ಇದನ್ನು ಬಿಡಿಸಿ, ಬೇಜಾರನ್ನು ಕುಗ್ಗಿದ ಮನಸ್ಥಿತಿಯ ಖಾನೆಗೆ, ಮೈಭಾರವನ್ನು ದೈಹಿಕ ಲಕ್ಷಣಕ್ಕೆ, ಎದೆಬಡಿತವನ್ನು ಆತಂಕಕ್ಕೆ, ಕೈ ಹೋಗದಿರುವುದನ್ನು ಕೆಲಸದಲ್ಲಿನ ನಿರಾಸಕ್ತಿಗೆ ಹಾಕಿ, ಪ್ರತಿಯೊಂದಕ್ಕೂ ಒಂದು ಅಂಕ ಕೊಡಬೇಕು.

ತೊಡಕು ಇರುವುದು ಬೇಜಾರಿನಲ್ಲಿ. ಕನ್ನಡದಲ್ಲಿ ದುಃಖವಾದರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಮನಸ್ಸು ನೋಯಿಸಿದರೂ ಬೇಜಾರು, ಒಂದೇ ಸಾರು ಮೂರು ದಿನ ಉಂಡರೂ ಬೇಜಾರು. ಇದು ಯಾವ ಬೇಜಾರು ಎಂದು ಕೆದಕಿ ಕೇಳದೆ ಅಂಕ ಹಾಕಿದರೆ ಅದು ಕಾಯಿಲೆಯ ಅಳತೆಯಾಗದೆ ಒಂದು ಪದದ ಅಳತೆಯಾಗುತ್ತದೆ. ಆದ್ದರಿಂದಲೇ ಇಂಥ ಅಳತೆಗೋಲುಗಳನ್ನು ಒಂದು ಭಾಷೆಗೆ ತರುವಾಗ ಬರಿಯ ಅನುವಾದ ಸಾಲದು. ಕನ್ನಡಕ್ಕೆ ತಂದದ್ದನ್ನು ಮೂಲ ನೋಡಿರದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಮೂಲದೊಂದಿಗೆ ಹೋಲಿಸುತ್ತಾರೆ, ಬಳಿಕ ಅಂಕ ಹಾಕುವವರಿಗೆ ಒಂದೇ ಸಂದರ್ಶನದ ವಿಡಿಯೊ ತೋರಿಸಿ ಎಲ್ಲರ ಅಂಕಗಳೂ ಹತ್ತಿರ ಬರುವವರೆಗೆ ತರಬೇತಿ ಕೊಡುತ್ತಾರೆ.

ಅಳತೆಗೋಲಿನ ರಚನೆಯಲ್ಲೂ ಗಮನಿಸಬೇಕಾದ ಒಂದು ಸಂಗತಿಯಿದೆ. ಹ್ಯಾಮಿಲ್ಟನ್ ಪಟ್ಟಿಯಲ್ಲಿ ನಿದ್ದೆಗೆ ಮೂರು ಅಂಶಗಳು ಮೀಸಲು: ಮಲಗಿದರೆ ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗುವುದು, ನಸುಕಿನಲ್ಲೇ ಎದ್ದು ಕೂರುವುದು. ಮೂರೂ ಸೇರಿ 6 ಅಂಕ. ಮನಸ್ಸಿನ ಕುಗ್ಗುವಿಕೆಯನ್ನು ಮುಟ್ಟದೆ ಬರೀ ಚೆನ್ನಾಗಿ ನಿದ್ದೆ ಬರಿಸುವ ಔಷಧವೂ ಇಲ್ಲಿ ಹಲವು ಅಂಕಗಳ ಇಳಿಕೆ ತೋರಿಸಬಲ್ಲದು. ಖಿನ್ನತೆಯ ಔಷಧಗಳಿಗೂ ಖಾಲಿ ಮಾತ್ರೆಗೂ ನಡುವಿನ ಸರಾಸರಿ ಅಂತರ ಈ ಅಳತೆಗೋಲಿನಲ್ಲಿ ಎಷ್ಟೋ ವಿಶ್ಲೇಷಣೆಗಳಲ್ಲಿ ಎರಡು ಮೂರು ಅಂಕದಷ್ಟೇ ಕಂಡುಬಂದಿದೆ ಎಂಬುದನ್ನು ನೆನೆದರೆ, ನಿದ್ದೆಯ ಆರು ಅಂಕಗಳು ಎಷ್ಟು ದೊಡ್ಡವೆಂದು ತಿಳಿಯುತ್ತದೆ.

ಖಾಲಿ ಮಾತ್ರೆ ಬೇಕಾಗುವುದು ಇಲ್ಲಿಯೇ. ನೋಡಲು ಅಸಲಿನಂತೆಯೇ ಇದ್ದು ಒಳಗೆ ಔಷಧವಿಲ್ಲದ ಈ ಮಾತ್ರೆಯನ್ನು ಪ್ಲಸೀಬೊ ಎನ್ನುತ್ತಾರೆ. ಪ್ರಯೋಗಕ್ಕೆ ಸೇರಿದವರಲ್ಲಿ ಯಾರಿಗೆ ಔಷಧ, ಯಾರಿಗೆ ಪ್ಲಸೀಬೊ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸುತ್ತದೆ. ರೋಗಿಗೂ ಅದು ಗೊತ್ತಿರುವುದಿಲ್ಲ, ಅಂಕ ಹಾಕುವವರಿಗೂ ಗೊತ್ತಿರುವುದಿಲ್ಲ. ಈ ಇಬ್ಬದಿಯ ಗುಟ್ಟಿಗೆ ಡಬಲ್ ಬ್ಲೈಂಡ್ ಎಂದು ಹೆಸರು. ಈ ಪದ್ಧತಿ ಬರುವ ಮುಂಚೆ ಔಷಧಗಳು ಸಿಕ್ಕಿರಲಿಲ್ಲವೆಂದಲ್ಲ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದದ ಹತ್ತು ಮಂದಿ ರೋಗಿಗಳಿಗೆ ಲಿಥಿಯಂ ಕೊಟ್ಟು ಕಂಡದ್ದನ್ನು ಬರೆದರು, ಹೋಲಿಕೆಗೆಂದು ಇನ್ನೊಂದು ಗುಂಪು ಇರಲೇ ಇಲ್ಲ. ಆದರೂ ಅವರು ಕಂಡದ್ದು ನಿಜವಾಗಿತ್ತು, ಲಿಥಿಯಂ ಇಂದಿಗೂ ಬಳಕೆಯಲ್ಲಿದೆ. ಆದರೆ ಅವರು ಮೊದಲು ಲಿಥಿಯಂ ಕೊಟ್ಟ ರೋಗಿ ಚೇತರಿಸಿಕೊಂಡು ಮನೆಗೆ ಹೋಗಿ, ಮತ್ತೆ ಕಾಯಿಲೆಬಿದ್ದು, 1950ರಲ್ಲಿ ಅದೇ ಲಿಥಿಯಂ ಮೈಯಲ್ಲಿ ವಿಷವಾಗಿ ತೀರಿಕೊಂಡರು ಎಂಬುದೂ ಈ ಕಥೆಯ ಭಾಗ. ಗುಣ ಸಿಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಬಿಡಿ ಅನುಭವಗಳಿಂದ ತಿಳಿಯುವುದು ಕಷ್ಟ.

ನಮ್ಮ ನೆಲದ ಉದಾಹರಣೆಯೂ ಒಂದಿದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ಬುದ್ಧಿಭ್ರಮಣೆಗೂ ರಕ್ತದೊತ್ತಡಕ್ಕೂ ಕೊಡಬಹುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಎಂಬ ಅಂಶವನ್ನು 1955ರಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಡೇವಿಸ್ ಮತ್ತು ಮೈಕೆಲ್ ಶೆಪರ್ಡ್, ಆತಂಕ ಮತ್ತು ಖಿನ್ನತೆಯಿದ್ದ ರೋಗಿಗಳಲ್ಲಿ, ಪ್ಲಸೀಬೊ ಜೊತೆಗೆ ಹೋಲಿಸಿ ಪರೀಕ್ಷಿಸಿದರು. ಔಷಧದ ಗುಂಪಿನವರೇ ಹೆಚ್ಚು ಸುಧಾರಿಸಿದರು. ಮನೋವೈದ್ಯಶಾಸ್ತ್ರದ ಅತಿ ಮೊದಲ ಯಾದೃಚ್ಛಿಕ, ಅಂದರೆ ಚೀಟಿ ಎತ್ತಿದಂತೆ ಗುಂಪು ಹಂಚಿದ, ಪ್ರಯೋಗಗಳಲ್ಲಿ ಅದು ಒಂದು. ಹಾಗಿದ್ದೂ ಮುಂದಿನ ದಶಕಗಳಲ್ಲಿ ರೆಸರ್ಪಿನ್ ಖಿನ್ನತೆಯನ್ನು ಉಂಟುಮಾಡುತ್ತದೆ ಎಂಬ ಅಭಿಪ್ರಾಯವೇ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು, ಅದೂ ಬಹುಮಟ್ಟಿಗೆ ರಕ್ತದೊತ್ತಡದ ರೋಗಿಗಳ ಬಿಡಿ ವರದಿಗಳ ಆಧಾರದ ಮೇಲೆ. ಕ್ರಮಬದ್ಧ ಪ್ರಯೋಗದ ಫಲಿತಾಂಶ ಕಣ್ಣೆದುರಿಗಿದ್ದರೂ ಬಿಡಿ ಅನುಭವಗಳು ಅದನ್ನು ಹಿಂದಕ್ಕೆ ತಳ್ಳಬಲ್ಲವು ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಗೊತ್ತಿಲ್ಲ.

ಹೊಸ ಔಷಧವೊಂದು ಯಾವೆಲ್ಲ ಹಂತಗಳನ್ನು ದಾಟಬೇಕೆಂಬುದು ಬಹಳ ಕಡೆ ಬಂದಿರುವ ವಿಷಯ. ಪ್ರಾಣಿಗಳ ಮೇಲಿನ ಪರೀಕ್ಷೆಯ ನಂತರ ಮೊದಲ ಹಂತದಲ್ಲಿ ಹತ್ತಾರು ಮಂದಿ, ಸಾಮಾನ್ಯವಾಗಿ ಆರೋಗ್ಯವಂತರು. ಎರಡನೆಯದರಲ್ಲಿ ಕೆಲವು ನೂರು ರೋಗಿಗಳು. ಮೂರನೆಯದರಲ್ಲಿ ಇನ್ನೂ ಹೆಚ್ಚು ಜನ, ಹಲವು ಊರು, ಹಲವು ದೇಶ. ಮಾರಾಟ ಶುರುವಾದ ಮೇಲೆ ನಾಲ್ಕನೆಯ ಹಂತದ ನಿಗಾ. ಇಷ್ಟು ತಿಳಿದುಕೊಂಡು ಒಂದು ಔಷಧದ ಕಥೆಯನ್ನು ಪೂರ್ತಿ ನೋಡುವುದು ಹೆಚ್ಚು ಉಪಯುಕ್ತ.

1990ರ ದಶಕದಲ್ಲಿ ಎಲೈ ಲಿಲಿ ಕಂಪನಿಯು ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್‌ಗೆಂದು ಝನೋಮೆಲಿನ್ ಎಂಬ ಔಷಧವನ್ನು ಪರೀಕ್ಷಿಸುತ್ತಿತ್ತು. 1997ರಲ್ಲಿ ಪ್ರಕಟವಾದ 343 ರೋಗಿಗಳ ಪ್ರಯೋಗದಲ್ಲಿ ಅನಿರೀಕ್ಷಿತವಾದ ಸಂಗತಿಯೊಂದು ಕಂಡಿತು: ಇಲ್ಲದ್ದು ಕಾಣುವ, ಕೇಳುವ ಭ್ರಮೆಗಳೂ ಸಿಡಿಮಿಡಿಯೂ ಕಡಿಮೆಯಾಗಿದ್ದವು. ಆದರೆ ವಾಕರಿಕೆ, ವಾಂತಿ, ಬೆವರು ತಡೆಯಲಾರದೆ ಹೆಚ್ಚಿನ ಪ್ರಮಾಣ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ ಔಷಧ ಬಿಟ್ಟರು. ಕಾರಣ ಸರಳ. ಝನೋಮೆಲಿನ್ ಪ್ರಚೋದಿಸುವ ಮಸ್ಕರಿನಿಕ್ ಗ್ರಾಹಕಗಳು, ಅಂದರೆ ಜೀವಕೋಶಗಳ ಮೇಲೆ ಕೂತು ರಾಸಾಯನಿಕ ಸಂದೇಶ ಹಿಡಿಯುವ ಅಣುಗಳು, ಮಿದುಳಿನಲ್ಲಿರುವಂತೆಯೇ ಹೊಟ್ಟೆಯಲ್ಲೂ ಬೆವರಿನ ಗ್ರಂಥಿಗಳಲ್ಲೂ ಇವೆ. 2008ರಲ್ಲಿ ಸ್ಕಿಜೋಫ್ರೇನಿಯಾ ಇದ್ದ ಕೇವಲ 20 ಜನರಲ್ಲಿ ನಡೆದ ಪ್ರಯೋಗವೂ ಭರವಸೆ ಕೊಟ್ಟಿತು. ಅದರ ನಂತರ ಹೊಳೆದ ಉಪಾಯ ನಿಜಕ್ಕೂ ಸೊಗಸಾದದ್ದು. ಮೂತ್ರ ತಡೆಯಲಾಗದವರಿಗೆ ಕೊಡುವ ಟ್ರೋಸ್ಪಿಯಮ್ ಎಂಬ ಹಳೆಯ ಮಾತ್ರೆ ಅದೇ ಗ್ರಾಹಕಗಳನ್ನು ತಡೆಯುತ್ತದೆ, ಆದರೆ ರಕ್ತದಿಂದ ಮಿದುಳಿನೊಳಗೆ ಹೆಚ್ಚಾಗಿ ದಾಟುವುದಿಲ್ಲ. ಎರಡನ್ನೂ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿದರೆ ಮಿದುಳಿನಲ್ಲಿ ಝನೋಮೆಲಿನ್ ತನ್ನ ಕೆಲಸ ಮಾಡುತ್ತದೆ, ಮೈಯ ಉಳಿದ ಭಾಗದಲ್ಲಿ ಟ್ರೋಸ್ಪಿಯಮ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2024ರ ಸೆಪ್ಟೆಂಬರಿನಲ್ಲಿ ಈ ಜೋಡಿಗೆ ಕೋಬೆನ್ಫಿ ಎಂಬ ಹೆಸರಿನಲ್ಲಿ ಅನುಮತಿ ಕೊಟ್ಟಿತು. 1950ರ ದಶಕದ ಕ್ಲೋರ್‌ಪ್ರೊಮಝಿನ್‌ನಿಂದ ಹಿಡಿದು ಸ್ಕಿಜೋಫ್ರೇನಿಯಾದ ಔಷಧಗಳೆಲ್ಲ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕಗಳ ಮೇಲೆಯೇ ಕೈಯಿಟ್ಟಿದ್ದವು. ಬೇರೆ ದಾರಿ ಹಿಡಿದು ಗೆದ್ದದ್ದು ಇದೇ ಮೊದಲು.

ಈ ಗೆಲುವಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಸ್ಕಿಜೋಫ್ರೇನಿಯಾವನ್ನು ಅಳೆಯುವ ಪ್ಯಾನ್ಸ್ ಎಂಬ ಮಾಪನದಲ್ಲಿ 30 ಅಂಶಗಳಿದ್ದು ಪ್ರತಿಯೊಂದಕ್ಕೂ 1ರಿಂದ 7 ಅಂಕ. ಹೀಗಾಗಿ ಯಾವ ಲಕ್ಷಣವೂ ಇಲ್ಲದವರಿಗೂ 30 ಬರುತ್ತದೆ, ಗರಿಷ್ಠ 210. ಐದೈದು ವಾರಗಳ ಮೂರು ಪ್ರಯೋಗಗಳು ನಡೆದವು. 182 ಜನರಿದ್ದ ಮೊದಲನೆಯದರಲ್ಲಿ ಔಷಧದ ಗುಂಪಿನ ಅಂಕ ಸರಾಸರಿ 17.4 ಇಳಿದರೆ ಪ್ಲಸೀಬೊ ಗುಂಪಿನದು 5.9 ಇಳಿಯಿತು. ಎರಡನೆಯದರಲ್ಲಿ ಔಷಧ 21.2, ಪ್ಲಸೀಬೊ 11.6. ಮೂರನೆಯದರಲ್ಲಿ ಔಷಧ 20.6, ಪ್ಲಸೀಬೊ 12.2. ಮೂರರಲ್ಲೂ ಔಷಧವೇ ಸ್ಪಷ್ಟವಾಗಿ ಗೆದ್ದಿದೆ. ಆದರೆ ಏನೂ ಇಲ್ಲದ ಮಾತ್ರೆಯಿಂದ ಆದ ಇಳಿಕೆ ಮೊದಲ ಪ್ರಯೋಗದಿಂದ ಮೂರನೆಯದಕ್ಕೆ ಬರುವಷ್ಟರಲ್ಲಿ ದುಪ್ಪಟ್ಟಾಗಿದೆ. ಪ್ಲಸೀಬೊ ಗುಂಪು ಇಲ್ಲದೇ ಇದ್ದಿದ್ದರೆ ಆ ಇಪ್ಪತ್ತು ಅಂಕಗಳನ್ನೂ ಔಷಧದ ಲೆಕ್ಕಕ್ಕೇ ಜಮಾ ಮಾಡುತ್ತಿದ್ದೆವು.

ಖಾಲಿ ಮಾತ್ರೆ ತೆಗೆದುಕೊಂಡವರು ಸುಧಾರಿಸುವುದು ಬರಿಯ ನಂಬಿಕೆಯ ಬಲದಿಂದಲ್ಲ. ಜನ ಆಸ್ಪತ್ರೆಗೆ ಬರುವುದು ಕಾಯಿಲೆ ಏರಿ ನಿಂತಾಗ, ಅಲ್ಲಿಂದ ಅದು ತಾನಾಗಿಯೇ ಒಂದಿಷ್ಟು ಇಳಿಯುವುದುಂಟು. ಪ್ರತಿ ವಾರ ಯಾರೋ ಒಬ್ಬರು ಎದುರಿಗೆ ಕೂತು, ಗಡಿಯಾರ ನೋಡದೆ, ನಿದ್ದೆ ಬಂತೇ, ಊಟ ಸೇರಿತೇ, ಕಿವಿಯಲ್ಲಿ ಮಾತು ಕೇಳಿಸುತ್ತಿದೆಯೇ ಎಂದು ವಿಚಾರಿಸುವುದೇ ಎಷ್ಟೋ ರೋಗಿಗಳ ಬದುಕಿನಲ್ಲಿ ಹೊಸದು, ಅದು ಅವರಿಗೆ ಒಳಿತು ಮಾಡುತ್ತದೆ. ಇವುಗಳ ಜೊತೆಗೆ ಹಿತವಲ್ಲದ ಕಾರಣವೂ ಒಂದಿದೆ. ಮೇಲಿನ ಪ್ರಯೋಗಗಳಿಗೆ ಸೇರಲು ಕನಿಷ್ಠ 80 ಅಂಕ ಬೇಕಿತ್ತು. ಹೀಗೊಂದು ಗೆರೆ ಎಳೆದು, ಬೇಗ ಜನರನ್ನು ಸೇರಿಸಬೇಕೆಂಬ ಒತ್ತಡವನ್ನೂ ಹಾಕಿದರೆ, ಯಾವುದೇ ಪ್ರಯೋಗದಲ್ಲಿ 77 ಅಂಕದ ರೋಗಿ 81 ಎಂದು ದಾಖಲಾಗಿಬಿಡುವ ಅಪಾಯವಿರುತ್ತದೆ. ಮುಂದಿನ ವಾರ ನಿಜವಾದ ಅಂಕ ಬರೆದಾಗ ಅದು ಸುಧಾರಣೆಯಂತೆ ಕಾಣುತ್ತದೆ. ಇದನ್ನು ತಡೆಯಲೆಂದು ಕೆಲವು ಪ್ರಯೋಗಗಳಲ್ಲಿ ಅಂಕ ಹಾಕುವವರು ಆ ಆಸ್ಪತ್ರೆಯವರೇ ಆಗಿರದೆ, ದೂರದಲ್ಲಿ ಕೂತು ವಿಡಿಯೊ ಮೂಲಕ ಮಾತಾಡುವವರಾಗಿರುತ್ತಾರೆ. ಪ್ರವೇಶಕ್ಕೆ ಎಷ್ಟು ಅಂಕ ಬೇಕೆಂಬುದು ಅವರಿಗೆ ಗೊತ್ತಿರುವುದಿಲ್ಲ. ಖಾಲಿ ಮಾತ್ರೆಯ ಗುಂಪಿನ ಅಂಕ ಹೀಗೆ ಹೆಚ್ಚು ಇಳಿದಷ್ಟೂ ಅದನ್ನು ಮೀರುವುದು ಔಷಧಕ್ಕೆ ಕಷ್ಟ. 2023ರಲ್ಲಿ ಸ್ಕಿಜೋಫ್ರೇನಿಯಾಕ್ಕೆಂದು ತಯಾರಾದ ಉಲೊಟಾರಾಂಟ್ ಎಂಬ ಔಷಧವೂ, 2024ರ ನವೆಂಬರಿನಲ್ಲಿ ಮಸ್ಕರಿನಿಕ್ ದಾರಿಯದ್ದೇ ಆದ ಎಮ್ರಾಕ್ಲಿಡಿನ್ ಎಂಬ ಇನ್ನೊಂದು ಔಷಧವೂ ಪ್ಲಸೀಬೊವನ್ನು ಮೀರಲಾರದೆ ಸೋತವು. ಕೋಬೆನ್ಫಿಯನ್ನೇ ಹಳೆಯ ಔಷಧದ ಜೊತೆಗೆ ಸೇರಿಸಿ ಕೊಟ್ಟ ಪ್ರಯೋಗವೂ 2025ರಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ.

ಗುಟ್ಟು ಒಡೆಯುವ ತೊಂದರೆಯೂ ಇದೆ. ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸಿದರೆ ರೋಗಿ ತನಗೆ ಸಿಕ್ಕಿದ್ದು ಅಸಲಿ ಔಷಧವೆಂದು ಊಹಿಸುತ್ತಾನೆ, ಆ ಊಹೆಯೇ ಅವನ ಉತ್ತರಗಳಿಗೆ ಬಣ್ಣ ಕೊಡುತ್ತದೆ. ಮನಸ್ಸಿನ ಸ್ಥಿತಿಯನ್ನೇ ಕೆಲವು ಗಂಟೆ ಬದಲಿಸುವ ವಸ್ತುಗಳಲ್ಲಂತೂ ಗುಟ್ಟು ಕಾಯುವುದು ಅಸಾಧ್ಯಕ್ಕೆ ಹತ್ತಿರ. ಆಘಾತದ ನಂತರದ ಮನೋವ್ಯಾಧಿಗೆ ಎಂಡಿಎಂಎ ಎಂಬ ಮಾದಕವಸ್ತುವನ್ನು ಕೊಡುವ ಪ್ರಸ್ತಾವವನ್ನು ಎಫ್‌ಡಿಎ 2024ರ ಆಗಸ್ಟಿನಲ್ಲಿ ಒಪ್ಪದೆ ಹಿಂದಿರುಗಿಸಿತು. ಜೂನಿನಲ್ಲಿ ಕೂತ ಅದರ ಸಲಹಾ ಸಮಿತಿಯನ್ನು ಕಾಡಿದ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದಾಗಿತ್ತು.

ಅಂಕಗಳು ಸರಿಯಾಗಿಯೇ ಬಂದರೂ ಅವು ಓದುಗರನ್ನು ತಲುಪುವ ದಾರಿಯಲ್ಲಿ ಸೋರಿಹೋಗಬಹುದು. 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು, ಖಿನ್ನತೆಯ 12 ಔಷಧಗಳ ಬಗ್ಗೆ ಎಫ್‌ಡಿಎಯಲ್ಲಿ ದಾಖಲಾಗಿದ್ದ 74 ಪ್ರಯೋಗಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದದ್ದರ ಜೊತೆಗೆ ತಾಳೆ ನೋಡಿದರು. ಎಫ್‌ಡಿಎ ಪ್ರಕಾರ 38 ಪ್ರಯೋಗಗಳು ಔಷಧದ ಪರವಾಗಿದ್ದವು. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಬೆಳಕಿಗೆ ಬಂದಿರಲೇ ಇಲ್ಲ, 11 ಪ್ರಕಟವಾದರೂ ಫಲಿತಾಂಶ ಅನುಕೂಲಕರವೆಂಬಂತೆ ಬರೆಯಲ್ಪಟ್ಟಿದ್ದವು, ಇದ್ದುದನ್ನು ಇದ್ದಂತೆ ಹೇಳಿದ್ದು ಮೂರು ಮಾತ್ರ. ಪತ್ರಿಕೆಗಳನ್ನಷ್ಟೇ ಓದುವ ವೈದ್ಯರಿಗೆ ನೂರಕ್ಕೆ 94 ಪ್ರಯೋಗಗಳು ಗೆದ್ದಂತೆ ಕಾಣುತ್ತಿತ್ತು, ವಾಸ್ತವದಲ್ಲಿ ಗೆದ್ದದ್ದು ಅರ್ಧ. ಇದರಿಂದ ಆ ಔಷಧಗಳೆಲ್ಲ ನಿಷ್ಪ್ರಯೋಜಕ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಪ್ರಕಟವಾಗದವನ್ನೂ ಹುಡುಕಿ ಸೇರಿಸಿ 522 ಪ್ರಯೋಗಗಳನ್ನೂ 1,16,477 ರೋಗಿಗಳನ್ನೂ ಒಳಗೊಂಡ 2018ರ ವಿಶ್ಲೇಷಣೆಯಲ್ಲಿ ಪರಿಶೀಲಿಸಿದ 21 ಔಷಧಗಳೂ ಪ್ಲಸೀಬೊಗಿಂತ ಮೇಲೆಂದೇ ಕಂಡುಬಂದವು, ಆದರೆ ಸರಾಸರಿ ಪರಿಣಾಮ ಸಾಧಾರಣ ಮಟ್ಟದ್ದು. ಗುಳಿಗೆ ನುಂಗುತ್ತಿರುವವರು ಇಂಥ ಸುದ್ದಿ ಓದಿ ತಾವಾಗಿಯೇ ನಿಲ್ಲಿಸಬಾರದು. ಅವರಿಗೆ ಬೇಕಾದದ್ದು ಪೂರ್ತಿ ಲೆಕ್ಕ, ಮತ್ತು ಅದನ್ನು ಕೇಳುವ ಹಕ್ಕು ಅವರಿಗಿದೆ.

ಐದು ವಾರದಲ್ಲಿ ಪ್ಲಸೀಬೊವನ್ನು ಸೋಲಿಸಿದ ಔಷಧ ಮನೆಯಲ್ಲಿ ಐದು ವರ್ಷ ಹೇಗಿರುತ್ತದೆ ಎಂಬುದು ಇನ್ನೊಂದೇ ಪ್ರಶ್ನೆ. ಪ್ರಯೋಗಗಳಿಗೆ ಸೇರಿಸಿಕೊಳ್ಳುವಾಗ ಆತ್ಮಹತ್ಯೆಯ ಅಪಾಯವಿರುವವರನ್ನು, ಕುಡಿತದ ಚಟವಿರುವವರನ್ನು, ಬೇರೆ ಗಂಭೀರ ಕಾಯಿಲೆಯಿರುವವರನ್ನು ಸಾಮಾನ್ಯವಾಗಿ ಬಿಡುತ್ತಾರೆ. ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತಿರುವುದು ಹೆಚ್ಚಾಗಿ ಅಂಥವರೇ. ಸರ್ಕಾರಿ ಹಣದಿಂದ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಕೇಟಿ ಎಂಬ ಪ್ರಯೋಗ ಈ ಕೊರತೆಯನ್ನು ತುಂಬಲು ಹೊರಟಿತು. ಸ್ಕಿಜೋಫ್ರೇನಿಯಾ ಇದ್ದ 1,493 ಜನರನ್ನು ಸೇರಿಸಿಕೊಂಡ ಅದರಲ್ಲಿ, ಔಷಧ ತೆಗೆದುಕೊಂಡವರ ಪೈಕಿ ನೂರಕ್ಕೆ 74 ಮಂದಿ 18 ತಿಂಗಳೊಳಗೆ ತಮಗೆ ಕೊಟ್ಟ ಔಷಧವನ್ನು ಬಿಟ್ಟಿದ್ದರು ಅಥವಾ ಬದಲಿಸಿದ್ದರು. ಪರ್‌ಫೆನಝಿನ್ ಎಂಬ ಹಳೆಯ, ಅಗ್ಗದ ಮಾತ್ರೆಯು ದುಬಾರಿಯಾದ ಹೊಸ ಔಷಧಗಳಲ್ಲಿ ಹೆಚ್ಚಿನವುಗಳಿಗೆ ಸರಿಸಮನಾಗಿ ನಿಂತಿತು. ಕೈಯಿಂದ ಹಣ ಕೊಟ್ಟು ಔಷಧ ಕೊಳ್ಳುವ ನಮ್ಮಂಥ ದೇಶಕ್ಕೆ ಇಂಥ ಪ್ರಯೋಗಗಳು ಹೆಚ್ಚು ಬೇಕು, ಆದರೆ ಹಳೆಯ ಮಾತ್ರೆಯ ಪರವಾಗಿ ಪ್ರಯೋಗ ನಡೆಸಲು ಯಾವ ಕಂಪನಿಗೂ ಕಾರಣವಿಲ್ಲ.

ಕೊನೆಯದಾಗಿ, ಒಪ್ಪಿಗೆಯ ವಿಚಾರ. 2005ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೀವ್ರ ಉನ್ಮಾದದಲ್ಲಿದ್ದ ಸುಮಾರು 290 ಭಾರತೀಯ ರೋಗಿಗಳಿಗೆ ಮೂರು ವಾರ ರಿಸ್ಪೆರಿಡೋನ್ ಎಂಬ ಔಷಧ ಅಥವಾ ಪ್ಲಸೀಬೊ ಕೊಡಲಾಗಿತ್ತು. ಉನ್ಮಾದಕ್ಕೆ ಪರಿಣಾಮಕಾರಿ ಔಷಧಗಳು ಇದ್ದಾಗಲೂ ಅಷ್ಟು ಜೋರಾದ ಕಾಯಿಲೆಯಲ್ಲಿ ಖಾಲಿ ಮಾತ್ರೆ ಕೊಟ್ಟದ್ದು ಸರಿಯೇ, ಆ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆಗೆ ಏನು ಅರ್ಥ ಎಂದು ಭಾರತದ ಮನೋವೈದ್ಯರೇ ಪ್ರಶ್ನೆ ಎತ್ತಿದರು. ಪ್ಲಸೀಬೊ ಇಲ್ಲದೆ ಸತ್ಯ ತಿಳಿಯುವುದು ಕಷ್ಟ ಎಂದು ಇಷ್ಟು ಹೊತ್ತು ವಾದಿಸಿದ ನಾನು ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾರೆ. ಹೋಲಿಕೆಗೆ ಹಳೆಯ ಔಷಧವನ್ನೇ ಬಳಸಬಹುದಾದಲ್ಲಿ ಬಳಸಬೇಕು. ಪ್ಲಸೀಬೊ ಅನಿವಾರ್ಯವಾದರೆ ಅವಧಿ ಚಿಕ್ಕದಾಗಿರಬೇಕು, ಕಾಯಿಲೆ ಏರಿದ ತಕ್ಷಣ ರೋಗಿಯನ್ನು ಪ್ರಯೋಗದಿಂದ ಹೊರತಂದು ಚಿಕಿತ್ಸೆ ಕೊಡುವ ಏರ್ಪಾಡು ಮೊದಲೇ ಬರಹದಲ್ಲಿರಬೇಕು.

ಈಗಿನ ಕಾನೂನು ಇದಕ್ಕೆ ಹಲವು ಬೇಲಿ ಹಾಕಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೆಯ ಕಲಮಿನ ಪ್ರಕಾರ, ಮನೋರೋಗವಿರುವವರ ಮೇಲಿನ ಯಾವುದೇ ಸಂಶೋಧನೆಗೆ ಅವರದೇ ಮುಕ್ತ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಲು ಶಕ್ತರಲ್ಲದವರು ವಿರೋಧಿಸದಿದ್ದರೂ ಅಷ್ಟೇ ಸಾಲದು, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಚ್ಚ ಹೊಸ ರಾಸಾಯನಿಕದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವಾಗ ವಿವರಿಸಿ ಒಪ್ಪಿಗೆ ಪಡೆಯುವ ಇಡೀ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕು. ಓದಲು ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗಿರಬೇಕು.

ಆದರೂ ಎಡವುವುದು ಭಾಷೆಯಲ್ಲಿಯೇ. “ನಿಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು” ಎಂದು ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರ ಕಾನೂನನ್ನು ತೃಪ್ತಿಪಡಿಸಬಹುದು, ಅದನ್ನು ಕೈಯಲ್ಲಿ ಹಿಡಿದ ತಾಯಿಗೆ ಏನೂ ಹೇಳುವುದಿಲ್ಲ. “ಡಾಕ್ಟ್ರು ಕೊಡ್ತಾರೆ ಅಂದ್ಮೇಲೆ ಒಳ್ಳೇದಕ್ಕೇ ಇರುತ್ತೆ, ಎಲ್ಲಿ ಸೈನ್ ಹಾಕ್ಬೇಕು?” ಎಂದು ಅವರು ಕೇಳುತ್ತಾರೆ. ಆಗ ಪೆನ್ನು ಕೊಡದೆ ಹೀಗೆ ಹೇಳುವವರು ಬೇಕು: “ಇರಿ ಅಮ್ಮ. ಚೀಟಿ ಎತ್ತಿದ ಹಾಗೆ, ನಿಮ್ಮ ಮಗನಿಗೆ ಔಷಧ ಇರೋ ಮಾತ್ರೆನೂ ಸಿಗಬಹುದು, ಏನೂ ಇಲ್ಲದ ಮಾತ್ರೆನೂ ಸಿಗಬಹುದು. ಯಾವುದು ಅಂತ ನನಗೂ ಗೊತ್ತಿರಲ್ಲ. ಬೇಡ ಅಂದ್ರೆ ಯಾವತ್ತು ಬೇಕಾದ್ರೂ ಬಿಡಬಹುದು, ಇಲ್ಲಿನ ಚಿಕಿತ್ಸೆ ಎಂದಿನ ಹಾಗೇ ನಡೆಯುತ್ತೆ. ಈಗ ನಾನು ಹೇಳಿದ್ದನ್ನ ನೀವೇ ಒಂದ್ಸಲ ಹೇಳಿ ನೋಡೋಣ.”

ಆ ತಾಯಿ ಅದನ್ನು ತಮ್ಮ ಮಾತಿನಲ್ಲಿ ಹೇಳಿದ ಮೇಲೆ, ಸಹಿ ಹಾಕುವ ಮೊದಲು, ಕೇಳಬೇಕಾದದ್ದು ಇನ್ನೂ ಕೆಲವಿವೆ. ಈ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಾದ ಸಿಟಿಆರ್‌ಐಯಲ್ಲಿ ಯಾವ ಸಂಖ್ಯೆಯಲ್ಲಿದೆ? 2009ರಿಂದ ಈ ನೋಂದಣಿ ಕಡ್ಡಾಯ, ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ತೆರೆದು ನೋಡಬಹುದು. ಪ್ರಯೋಗಕ್ಕೆ ಸೇರಿದವರ ಹಿತ ಕಾಯುವ ನೈತಿಕ ಸಮಿತಿಯನ್ನು ಸಂಪರ್ಕಿಸುವುದು ಹೇಗೆ? ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚನ್ನೂ ಪರಿಹಾರವನ್ನೂ ಕೊಡುವವರು ಯಾರು? ಮಗನಿಗೆ ಸಿಕ್ಕಿದ್ದು ಅಸಲಿ ಔಷಧವಾಗಿದ್ದು, ಅದರಿಂದ ಅವನು ವರ್ಷಗಳ ನಂತರ ಮೊದಲ ಸಲ ರಾತ್ರಿಯಿಡೀ ಮಲಗಿ, ಬೆಳಿಗ್ಗೆ ಎದ್ದು ಅಂಗಡಿಗೆ ಹೋಗಿ ಹಾಲು ತರುವಂತಾದರೆ, ಪ್ರಯೋಗ ಮುಗಿದ ಮರುದಿನದಿಂದ ಆ ಮಾತ್ರೆ ಎಲ್ಲಿ ಸಿಗುತ್ತದೆ?